ಹರಿಹರಕ್ಕೆಲ್ಲ ಗೊತ್ತಿದ್ದ ನಾಲಿಗೆ

ನನ್ನ ಬಗ್ಗೆ ನಾನೇ ಬರೆದುಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಹರಿಹರದ ಹಳೇ ಪಿ.ಬಿ. ರಸ್ತೆಯಲ್ಲಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವ ಬಕ್ಕೇಶ್. ವಯಸ್ಸು ಐವತ್ತೆಂಟು. ತೂಕ ಆಗ ಎಂಬತ್ತೆರಡು ಕಿಲೋ, ಈಗಿನದು ಕೇಳಬೇಡಿ. ಅಂಗಡಿ ಅಪ್ಪ ಹಾಕಿದ್ದು, ಹೆಸರು ಅಪ್ಪ ಇಟ್ಟಿದ್ದು, ಹೆಂಡತಿ ಸರ್ವಮಂಗಳಳನ್ನೂ ಅಪ್ಪನೇ ನೋಡಿ ತಂದಿದ್ದು. ನನ್ನ ಸ್ವಂತ ಸಂಪಾದನೆ ಎಂದು ಎದೆ ತಟ್ಟಿ ಹೇಳಿಕೊಳ್ಳಲು ಇದ್ದದ್ದು ಒಂದೇ. ಅದು ನನ್ನ ನಾಲಿಗೆ.

ತಿನ್ನುವವರಿಗೆ ಮಂಡಕ್ಕಿ ಎಂದರೆ ಗಾಳಿ ತುಂಬಿದ ಅಕ್ಕಿ, ಅಷ್ಟೆ. ಮಾರುವವನಿಗೆ ಹಾಗಲ್ಲ. ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಭಟ್ಟಿಯಲ್ಲಿ ಕಾದ ಮರಳಿಗೆ ಹಾಕಿ ಹುರಿಯುತ್ತಾರೆ. ಉಪ್ಪು ಒಂದು ಚಿಟಿಕೆ ಆಚೀಚೆ ಆದರೆ ಆಮೇಲೆ ಎಷ್ಟೇ ಒಳ್ಳೆಯ ಖಾರ ಕಲಸಿದರೂ ರುಚಿ ಕೂಡುವುದಿಲ್ಲ. ಹೀಗೆಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಕೇಳದವರನ್ನು ನಿಲ್ಲಿಸಿಕೊಂಡೂ ಹೇಳುತ್ತಿದ್ದೆ.

ನಮ್ಮ ಅಂಗಡಿಗೆ ಮಂಡಕ್ಕಿ ತರುತ್ತಿದ್ದವರು ದಾವಣಗೆರೆಯ ಖಾಜಾ ಹುಸೇನ್. ಅರವತ್ತು ದಾಟಿದ ಬಡಕಲು ಮನುಷ್ಯ. ಭಟ್ಟಿಯ ಬೂದಿ ರೆಪ್ಪೆಗಳಲ್ಲೂ ಕೂತಿರುತ್ತಿತ್ತು. ಎರಡು ಭಟ್ಟಿ, ಒಂದು ಟೆಂಪೊ, ಮಾತು ಕಡಿಮೆ. ಇಪ್ಪತ್ತೆರಡು ವರ್ಷಗಳಿಂದ ಬೆಳಿಗ್ಗೆ ಏಳೂವರೆಗೆ ಅವರ ಟೆಂಪೊ ನಮ್ಮ ಅಂಗಡಿ ಮುಂದೆ ನಿಂತ ಕೂಡಲೇ ಒಂದು ಪೂಜೆ ನಡೆಯುತ್ತಿತ್ತು. ಅವರು ಮೊದಲ ಚೀಲದ ಬಾಯಿ ಬಿಚ್ಚಬೇಕು. ನಾನು ಒಂದು ಹಿಡಿ ತೆಗೆದು, ಊದಿ, ಬಾಯಿಗೆ ಎಸೆದುಕೊಂಡು ಕಣ್ಣು ಮುಚ್ಚಬೇಕು. ಆಗ ಎದುರುಗಡೆಯ ಬಜ್ಜಿ ಅಂಗಡಿಯ ಮಾಲತೇಶ್ ಕಡಲೆಹಿಟ್ಟು ಕಲಸುವುದನ್ನು ನಿಲ್ಲಿಸುತ್ತಿದ್ದ. ಚಹಾ ಕುಡಿಯುವವರು ಲೋಟ ಕೆಳಗಿಡುತ್ತಿದ್ದರು. ನಾನು ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ಅಗಿಯುತ್ತಿದ್ದೆ. ಇಷ್ಟು ಜನ ನಮ್ಮ ಬಾಯನ್ನೇ ನೋಡುತ್ತಾ ನಿಲ್ಲುವ ಭಾಗ್ಯ ಯಾರಿಗುಂಟು?

ವಾರಕ್ಕೆ ಎರಡು ಚೀಲವಾದರೂ ವಾಪಸು ಕಳಿಸುತ್ತಿದ್ದೆ. "ಉಪ್ಪು ಜಾಸ್ತಿ ಆಗೈತೆ, ತಗೊಂಡು ಹೋಗ್ರಿ." ಖಾಜಾ ಹುಸೇನ್ ಎದುರು ಮಾತಾಡದೆ ಚೀಲ ಎತ್ತಿ ಟೆಂಪೊಗೆ ಹಾಕುತ್ತಿದ್ದರು. ಮರುದಿನ ಬೇರೆ ಚೀಲ ಬರುತ್ತಿತ್ತು, ಉಪ್ಪು ಮುತ್ತಿನಂತೆ ಸರಿಯಾಗಿರುತ್ತಿತ್ತು. "ನೋಡ್ರಿ, ಹೇಳಿಸ್ಕೊಂಡ್ರೆ ಮಾತ್ರ ನೀವು ಸರಿಯಾಗಿ ಹುರಿಯೋದು" ಎಂದು ನಾನು. "ಹೌದ್ರಿ ಸಾವ್ಕಾರ್ರೆ" ಎಂದು ಅವರು. ಈ ಮಾತು ಇಪ್ಪತ್ತೆರಡು ವರ್ಷ ನಡೆಯಿತು. ನನಗೆ ಒಮ್ಮೆಯೂ ಬೇಸರ ಬರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ದೊಡ್ಡ ಕರುಳಿನಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿ ತೆಗೆದರು. ಹದಿನೈದು ದಿನಕ್ಕೊಮ್ಮೆಯಂತೆ ಹನ್ನೆರಡು ಸಲ ಕೀಮೋ ಆಗಬೇಕು ಎಂದರು. ಬಜಾರಿನಲ್ಲಿ ನಾನು ಆಪರೇಷನ್ನಿಗೆ ಹರ್ನಿಯಾ ಎಂದು ಹೆಸರಿಟ್ಟೆ, ಕೀಮೋಗೆ ಹಲ್ಲಿನ ಕೆಲಸ ಎಂದೆ. ಹಲ್ಲಿನ ಕೆಲಸಕ್ಕೆ ಎರಡೆರಡು ದಿನ ಆಸ್ಪತ್ರೆಯಲ್ಲಿ ಮಲಗುವ ಮನುಷ್ಯನನ್ನು ಯಾರೂ ಕಂಡಿರಲಿಲ್ಲ. ನಾನು ಬಾಯಿಗೆ ಬಂಗಾರದ ಹಲ್ಲು ಕಟ್ಟಿಸುತ್ತಿದ್ದೇನೆ ಎಂದು ಮಾಲತೇಶ್ ಸುದ್ದಿ ಹಬ್ಬಿಸಿದ. ನಾನು ಇಲ್ಲ ಎನ್ನಲಿಲ್ಲ. ಕ್ಯಾನ್ಸರಿಗಿಂತ ಬಂಗಾರದ ಹಲ್ಲು ವಾಸಿ. ಕಾಯಿಲೆಯವನ ಅಂಗಡಿಯಲ್ಲಿ ಯಾರು ತಿಂದಾರು ಎಂಬ ಭಯ ನನ್ನದು.

ಎರಡನೇ ಕೀಮೋ ಆಗಿ ಆರು ದಿನಕ್ಕೆ, ತಿಂಗಳ ಹದಿನೆಂಟನೇ ತಾರೀಕು ಮಂಗಳವಾರ, ಎಂದಿನಂತೆ ಟೆಂಪೊ ಬಂತು. ಎಂದಿನಂತೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣು ತಟ್ಟನೆ ತೆರೆಯಿತು. ಬೇವಿನ ಕಷಾಯ ಕುಡಿದಂತೆ ಕಹಿ. ರಸ್ತೆಗೆ ಉಗಿದುಬಿಟ್ಟೆ.

"ಇದೇನ್ ಮಂಡಕ್ಕಿನೋ ವಿಷಾನೋ? ಏನ್ ಹಾಕೀರಿ ಇದಕ್ಕೆ?"

"ಕಹೀನಾ?" ಖಾಜಾ ಹುಸೇನ್ ಮುಖ ಬಿಳಿಚಿಕೊಂಡಿತು. "ಉಪ್ಪು ಹೆಚ್ಚು ಅನ್ರಿ, ಒಪ್ಪತೀನಿ. ಕಹಿ ಎಲ್ಲಿಂದ ಬರ್ತೈತೆ ಸಾವ್ಕಾರ್ರೆ?" ಅವರೂ ಒಂದು ಹಿಡಿ ತಿಂದರು. ನಿಧಾನವಾಗಿ ಅಗಿದರು. "ಚಲೋ ಐತಲ್ರಿ."

"ನಿಮ್ಮ ನಾಲಿಗೆ ಸತ್ತೈತೆ ಬಿಡ್ರಿ. ಭಟ್ಟಿ ಹೊಗೆ ಕುಡದು ಕುಡದು ಸತ್ತೈತೆ. ನಾಳೆಯಿಂದ ಬರಬ್ಯಾಡ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದು ನಾನು ಒಡೆದದ್ದು ನನ್ನ ಮುತ್ತನ್ನಲ್ಲ, ಖಾಜಾ ಹುಸೇನರದನ್ನು. "ಬಕ್ಕೇಶಣ್ಣ ಕಹಿ ಅಂದ್ರೆ ಕಹೀನೆ" ಎಂದು ಮಾಲತೇಶ್ ಕೂಡಲೇ ತನ್ನ ಚೀಲವನ್ನೂ ತಂದು ಟೆಂಪೊಗೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಬಸ್ ಸ್ಟ್ಯಾಂಡಿನ ತನಕ ಎಲ್ಲ ಅಂಗಡಿಗಳಲ್ಲೂ ಅದೇ ಮಾತು. ವಾರದೊಳಗೆ ಕೊಂಡಜ್ಜಿ, ಕಡರನಾಯಕನಹಳ್ಳಿಯ ಗೂಡಂಗಡಿಯವರೂ ಅವರಿಂದ ಮಂಡಕ್ಕಿ ತೆಗೆದುಕೊಳ್ಳುವುದನ್ನು ಬಿಟ್ಟರು.

ಅದೇ ದಿನ ಸಂಜೆ ಸರ್ವಮಂಗಳ ಕಾಫಿ ಕೊಟ್ಟಳು. "ಇದ್ಯಾಕ ಇಷ್ಟು ಕಹಿ?" ಎಂದೆ. ಬೇರೆ ಮಾಡಿ ತಂದಳು, ಅದೂ ಕಹಿ. ಮೂರನೆಯದಕ್ಕೆ ಅವಳು ಕಾಫಿ ತರಲಿಲ್ಲ. ಒಂದು ಬೆಲ್ಲದ ಉಂಡೆ ತಂದು ಅಂಗೈಯಲ್ಲಿಟ್ಟು, "ತಿನ್ರಿ" ಎಂದಳು. ತಿಂದೆ. ಬೆಲ್ಲವೂ ಕಹಿ. ಅವಳು ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಬೇರೆಯವರಿಗೆ ನಾನೇ ಎಷ್ಟು ಸಲ ಹೇಳಿದ್ದೇನೋ.

"ಖಾಜಾಸಾಬ್ರಿಗೆ ಫೋನ್ ಮಾಡ್ರಿ" ಎಂದಳು.

ಫೋನ್ ಕೈಗೆ ತೆಗೆದುಕೊಂಡೆ. ಏನು ಹೇಳಲಿ? ನನಗೆ ಕಾಯಿಲೆ ಎಂದೇ? ನನ್ನ ನಾಲಿಗೆ ಹೋಯಿತು ಎಂದೇ? ಹಾಗೆ ಹೇಳಿದರೆ ಹರಿಹರದಲ್ಲಿ ಉಳಿಯುವ ಬಕ್ಕೇಶ್ ಯಾರು? ಫೋನ್ ಕೆಳಗಿಟ್ಟು, "ನಾಳೆ ಮಾಡಿದ್ರಾತು" ಎಂದೆ. ಆ ನಾಳೆ ಬರಲು ಹದಿನೈದು ದಿನ ಬೇಕಾಯಿತು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಬೇರೆ ಭಟ್ಟಿಯವನು ಮಂಡಕ್ಕಿ ತರತೊಡಗಿದ. ಅದೂ ಕಹಿಯೇ. ಆದರೆ ಊರಿನ ಮಂಡಕ್ಕಿಯನ್ನೆಲ್ಲ ವಾಪಸು ಕಳಿಸಿದರೆ ಅಂಗಡಿಯಲ್ಲಿ ಏನು ಮಾರುವುದು? ದಿನಾ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಭೇಷ್" ಎನ್ನುತ್ತಿದ್ದೆ. ಗಿರಾಕಿಗಳು ಮಂಡಕ್ಕಿ ಮೆತ್ತಗಿದೆ, ಸಪ್ಪೆ ಇದೆ ಎಂದು ಗೊಣಗಿದರು. "ನಿಮ್ಮ ಬಾಯಿ ಸರಿ ಇಲ್ಲ" ಎಂದು ಅವರನ್ನೇ ಗದರಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ ನೋಡುವವರ ಕಣ್ಣೇ ಡೊಂಕು ಎಂದೆ.

ಇದರ ನಡುವೆ ಹುಣ್ಣು ಶುರುವಾಯಿತು. ಮೊದಲು ತುಟಿಯ ಒಳಗೆ ಒಂದು. ಆಮೇಲೆ ಕೆನ್ನೆ, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ. ನೀರು ಕುಡಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ದಾವಣಗೆರೆ ಸೀಮೆಯವರಿಗೆ ಬೆಣ್ಣೆಯಿಂದ ವಾಸಿಯಾಗದ ಕಾಯಿಲೆ ಇಲ್ಲ ಎಂಬ ನಂಬಿಕೆ. ಹೊತ್ತು ಹೊತ್ತಿಗೆ ಬೆಣ್ಣೆ ಸವರಿಕೊಂಡೆ. ಬೆಳಿಗ್ಗೆ ಏಳೂವರೆಗೆ ಬೆಣ್ಣೆ ಒರೆಸಿ ಉಪ್ಪು ಮಂಡಕ್ಕಿ ಹಾಕಿಕೊಳ್ಳುತ್ತಿದ್ದೆ. ನಾಲ್ಕು ಜನ ನೋಡುತ್ತಿರುವಾಗ ಬಿಡುವುದು ಹೇಗೆ? ಹುಣ್ಣಿಗೆ ಉಪ್ಪು ತಾಗಿ ಜೀವ ಹೋದಂತಾಗುತ್ತಿತ್ತು. ಕಣ್ಣಲ್ಲಿ ನೀರು ಬಂದರೆ "ಆಹಾ, ಏನ್ ರುಚಿ" ಎನ್ನುತ್ತಿದ್ದೆ.

ಮೂರನೇ ಕೀಮೋಗೆ ಹೋದಾಗ ಡಾಕ್ಟರ್ ರೂಪಶ್ರೀ ನನ್ನ ಬಾಯಿಗೆ ಟಾರ್ಚ್ ಹಿಡಿದು ನೋಡಿದರು. ತಕ್ಕಡಿ ಮೇಲೆ ನಿಲ್ಲಿಸಿದರು. ಆರು ಕಿಲೋ ಇಳಿದಿದ್ದೆ.

"ಈ ಬಾಯಿ ಇಟ್ಕೊಂಡು ಕೀಮೋ ಕೊಡೋಕಾಗಲ್ಲ" ಎಂದರು. "ಮುಂದಕ್ಕೆ ಹಾಕ್ತೀನಿ. ಆದ್ರೆ ಹಿಂಗೇ ಮುಂದಕ್ಕೆ ಹಾಕ್ತಾ ಹೋದ್ರೆ, ಡೋಸ್ ಇಳಿಸ್ತಾ ಹೋದ್ರೆ, ನೀವು ಕೀಮೋ ತಗೊಂಡು ಏನ್ ಪ್ರಯೋಜನ? ಖಾರ, ಉಪ್ಪು ಏನಾದ್ರೂ ತಿಂತಿದೀರಾ?"

ನಾನು ಇಲ್ಲ ಎಂದು ತಲೆ ಆಡಿಸಿದೆ. ಸರ್ವಮಂಗಳ ಹೌದು ಎಂದು ತಲೆ ಆಡಿಸಿದಳು. ದಿನಾ ಬೆಳಿಗ್ಗೆಯ ನನ್ನ ಪೂಜೆಯನ್ನು ಚಾಚೂತಪ್ಪದೆ ವರ್ಣಿಸಿದಳು. ಡಾಕ್ಟರಮ್ಮ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮಕ್ಕಳಿಗೂ ಯಾರೂ ಅಷ್ಟು ಬೈಯುವುದಿಲ್ಲ. ಬೈದು ಮುಗಿಸಿ, ಆಸ್ಪತ್ರೆಯಲ್ಲೇ ಲೇಸರ್ ಬೆಳಕಿನ ಚಿಕಿತ್ಸೆ ಇದೆ, ಐದು ದಿನ ದಿನಾ ಬರಬೇಕು ಎಂದು ಚೀಟಿ ಬರೆದುಕೊಟ್ಟರು.

ಲೇಸರ್ ಎಂದರೆ ನನಗೆ ಗೊತ್ತಿದ್ದದ್ದು ಕಬ್ಬಿಣ ಕತ್ತರಿಸುವ ಲೇಸರ್. ಹರಿಹರದ ವರ್ಕ್‌ಶಾಪಿನಲ್ಲಿ ನೋಡಿದ್ದೆ. ಅದನ್ನು ಬಾಯೊಳಗೆ ಬಿಡುತ್ತಾರೆ ಎಂದರೆ ಹುಣ್ಣಿನ ಜೊತೆ ನಾಲಿಗೆಯೂ ಹೋಯಿತು ಎಂದುಕೊಂಡೆ. ಸುಡುವಾಗ ತಂಪಾಗಿರಲಿ ಎಂದು ಮೊದಲ ದಿನ ಬಾಯಿ ತುಂಬ ಬೆಣ್ಣೆ ಮೆತ್ತಿಕೊಂಡು ಬಸ್ ಹತ್ತಿದೆ. ಹರಿಹರದಿಂದ ದಾವಣಗೆರೆಗೆ ಅರ್ಧ ಗಂಟೆ. ಕಂಡಕ್ಟರ್ "ಎಲ್ಲಿಗೆ?" ಎಂದರೆ ಬಾಯಿ ಬಿಡುವಂತಿಲ್ಲ, ಬೆಣ್ಣೆ ಅಂಗಿ ಮೇಲೆ ಸುರಿಯುತ್ತದೆ. ಕೈಸನ್ನೆ ಮಾಡಿದೆ. ಪಾಪ ಮೂಗ ಎಂದು ಅವನು ಪಕ್ಕದವರನ್ನು ಎಬ್ಬಿಸಿ ಸೀಟು ಕೊಡಿಸಿದ.

ಲೇಸರ್ ಕೋಣೆಯಲ್ಲಿ ಇದ್ದದ್ದು ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ ಒಬ್ಬ ನರ್ಸ್. ತಲೆಗೆ ಸ್ಕಾರ್ಫ್, ಮುಖಕ್ಕೆ ಮಾಸ್ಕ್. ನನ್ನ ಬಾಯಿ ತೆರೆಸಿ ಬಗ್ಗಿ ನೋಡಿದಳು.

"ಬೆಣ್ಣೆ ಹಾಕಿದೀರಾ ಸರ್?"

ಹೂಂಗುಟ್ಟಿದೆ.

"ಬೆಣ್ಣೆ ಇದ್ರೆ ಬೆಳಕು ಒಳಗೆ ಸರಿಯಾಗಿ ಇಳಿಯಲ್ಲ ಸರ್." ನಗದೆ, ಬೈಯದೆ, ಹತ್ತು ನಿಮಿಷ ಕೂತು ಹತ್ತಿಯಿಂದ ಎಲ್ಲ ಒರೆಸಿದಳು. ಅಷ್ಟು ಹಗುರವಾಗಿ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ನನಗೊಂದು ಕಪ್ಪು ಕನ್ನಡಕ ಹಾಕಿ, ತಾನೂ ಒಂದು ಹಾಕಿಕೊಂಡಳು. ಪೆನ್ನಿನಂಥದ್ದು ಒಂದನ್ನು ತೆಗೆದುಕೊಂಡಳು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, ಹರಿಹರೇಶ್ವರನಿಂದ ಹಿಡಿದು ಕೊಟ್ಟೂರೇಶ್ವರನ ತನಕ ಎಲ್ಲ ದೇವರನ್ನೂ ಕರೆದೆ. ತುಟಿಯ ಒಳಗೆ ಒಂದು ಕಡೆ ಇಟ್ಟು ಇಪ್ಪತ್ತು ಎಣಿಸಿದಳು. ಇನ್ನೊಂದು ಕಡೆ ಇಪ್ಪತ್ತು. ಕೆನ್ನೆ, ನಾಲಿಗೆ, ನಾಲಿಗೆಯ ಕೆಳಗೆ. ಕಾಲು ಗಂಟೆ ಕಳೆಯಿತು.

"ಆಯ್ತು ಸರ್."

"ಶುರು ಯಾವಾಗ?" ಎಂದೆ.

"ಮುಗೀತು ಸರ್. ಇದು ಸುಡಲ್ಲ, ಬರೀ ಬೆಳಕು. ಹುಣ್ಣು ಬೇಗ ಮಾಯೋಕೆ ಸಹಾಯ ಮಾಡ್ತದೆ." ಒಂದು ಫಾರಂ ತೆಗೆದುಕೊಂಡಳು. ನೋವು ಎಷ್ಟು, ಏನು ನುಂಗಲು ಆಗುತ್ತದೆ, ಒಂದೊಂದೇ ಕೇಳಿ ಬರೆದುಕೊಂಡಳು. ಕೊನೆಗೆ, "ರುಚಿ ಗೊತ್ತಾಗುತ್ತಾ ಸರ್?"

"ಎಲ್ಲಾ ಗೊತ್ತಾಗ್ತೈತೆ" ಎಂದೆ. ಆಸ್ಪತ್ರೆಯ ಫಾರಂನಲ್ಲೂ ನನ್ನ ಹೆಸರು ಕೆಡಬಾರದು ನೋಡಿ.

ಅವಳು ಬರೆದುಕೊಂಡಳು.

ಎರಡನೇ ದಿನದ ಬೆಳಕು ಮುಗಿದ ಮೇಲೆ ಬಾಯಿ ಸ್ವಲ್ಪ ಹಗುರವೆನಿಸಿತು. ಬಾಯಿ ಹಗುರವಾದರೆ ನಾನು ಸುಮ್ಮನಿರುವ ಜಾತಿಯವನಲ್ಲ. "ಯಾವೂರಮ್ಮ ನಿಂದು?" ಎಂದೆ.

"ಇಲ್ಲೇ ದಾವಣಗೆರೆ ಸರ್. ಬುಷ್ರಾ ಅಂತ. ನೀವು ನನ್ನ ನೋಡಿದೀರಿ. ಸಣ್ಣೋಳಿದ್ದಾಗ ರಜೆಯಾಗೆ ಅಬ್ಬಾನ ಟೆಂಪೊದಾಗೆ ನಿಮ್ಮ ಅಂಗಡಿಗೆ ಬರ್ತಿದ್ದೆ. ನಾನು ಖಾಜಾ ಹುಸೇನ್ ಮಗಳು."

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಎರಡು ದಿನದಿಂದ ನಾನು ಆ ಹುಡುಗಿಯ ಮುಂದೆ ಬಾಯಿ ಬಿಟ್ಟುಕೊಂಡೇ ಕೂತಿದ್ದೆ! ಅವಳ ಕೈಯಲ್ಲಿ ನನ್ನ ಫೈಲ್ ಇತ್ತು. ಕೀಮೋ ಯಾವ ದಿನ ಆಯಿತು, ಬಾಯಿ ಯಾವ ದಿನ ಕೆಟ್ಟಿತು, ಎಲ್ಲ ಅದರಲ್ಲಿ ಬರೆದಿತ್ತು. ಅವಳ ಅಪ್ಪನಿಗೆ ನಾನು ನಿಮ್ಮ ನಾಲಿಗೆ ಸತ್ತಿದೆ ಎಂದದ್ದು ಯಾವ ದಿನ ಎಂಬುದೂ ಅವಳಿಗೆ ಗೊತ್ತಿರಲೇಬೇಕು.

"ನಾನು ಇಲ್ಲಿ ಬರೋದು ಅವರಿಗೆ ಹೇಳೀಯಾ?" ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

"ಇಲ್ಲಿ ನೋಡಿದ್ದು ಹೊರಗೆ ಹೇಳಂಗಿಲ್ಲ ಸರ್."

ಮೂರನೇ ದಿನ ತಡೆಯಲಾರದೆ ಕೇಳಿದೆ. "ಅಪ್ಪ ಹೆಂಗಿದಾರಮ್ಮ? ಭಟ್ಟಿ ನಡೀತೈತಾ?"

ಅವಳು ಉಪಕರಣ ಒರೆಸುತ್ತಾ ನಿಂತಳು. "ಒಂದು ಭಟ್ಟಿ ಆರಿಸೀವಿ ಸರ್. ಹರಿಹರದ ಕಡೆ ಯಾರೂ ತಗೊಳ್ತಿಲ್ಲ." ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಅಬ್ಬಾ ದಿನಾ ಕಹಿ ಹುಡುಕ್ತಾರೆ. ಮೊದಲು ಉಪ್ಪು ಬದಲಾಯಿಸಿದ್ರು. ಆಮೇಲೆ ಭಟ್ಟಿ ಮರಳೆಲ್ಲ ತೆಗೆಸಿ ಬ್ಯಾರೆ ಮರಳು ತರಿಸಿದ್ರು. ಮೊನ್ನೆ ನೀರಿನ ತೊಟ್ಟಿ ಖಾಲಿ ಮಾಡಿ ತಾವೇ ಒಳಗೆ ಇಳಿದು ತಿಕ್ಕಿದ್ರು. ಹುರಿದಿದ್ದೆಲ್ಲಾ ನಮಗೆ ತಿನ್ನಿಸಿ ಕಹಿ ಐತಾ ಅಂತ ಕೇಳ್ತಾರೆ. ಇಲ್ಲ ಅಂದ್ರೆ ನಂಬಲ್ಲ. ಬಕ್ಕೇಶಪ್ಪರು ಸುಮ್ಮನೆ ಹೇಳಲ್ಲ ಅಂತಾರೆ."

ನನ್ನ ಜನ್ಮದಲ್ಲಿ ನನ್ನನ್ನು ಯಾರೂ ಹಾಗೆ ನಂಬಿರಲಿಲ್ಲ. ಅರವತ್ತು ದಾಟಿದ ಮನುಷ್ಯ ತೊಟ್ಟಿಯೊಳಗೆ ಕೂತು, ಇಲ್ಲದ ಕಹಿಯನ್ನು ಬ್ರಶ್ ಹಿಡಿದು ತಿಕ್ಕುತ್ತಿದ್ದಾರೆ. ಆ ಕಹಿ ಇಲ್ಲಿ ಕುರ್ಚಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಬೆಳಕು ಬಿಡಿಸಿಕೊಳ್ಳುತ್ತಿದೆ. ಅಂದು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ಹುಣ್ಣು ನೋಯುತ್ತಿದೆ ಎಂದು ಪಕ್ಕದವರಿಗೆ ಹೇಳುವ ಅವಕಾಶವೂ ಇರಲಿಲ್ಲ, ಅಂದು ಹುಣ್ಣು ನೋಯುತ್ತಿರಲಿಲ್ಲ.

ನಾಲ್ಕನೇ ದಿನ ಅವಳು ಬೆಳಕು ಇಡುವಾಗ ನಾನೂ ಮನಸ್ಸಿನಲ್ಲಿ ಎಣಿಸಿದೆ. ಪ್ರತಿ ಜಾಗಕ್ಕೂ ಇಪ್ಪತ್ತು. ಹತ್ತೊಂಬತ್ತಕ್ಕೆ ತೆಗೆದಿದ್ದರೆ ಕೇಳುವವರು ಯಾರು? ಅವಳು ಒಂದು ಜಾಗದಲ್ಲೂ ತೆಗೆಯಲಿಲ್ಲ. ಆಮೇಲೆ ಫಾರಂ ತೆಗೆದು, "ರುಚಿ ಗೊತ್ತಾಗುತ್ತಾ ಸರ್?" ಎಂದಳು.

"ಬರ್ಕೊ ತಾಯಿ. ಗೊತ್ತಾಗಲ್ಲ. ಹದಿನೆಂಟನೇ ತಾರೀಕಿಂದ ಗೊತ್ತಾಗಲ್ಲ."

ಅವಳ ಪೆನ್ನು ನಿಂತಿತು. "ನನಗೆ ಮೊದಲನೇ ದಿನಾನೇ ಗೊತ್ತಾಗಿತ್ತು ಸರ್. ಆ ಬಾಯಾಗೆ ರುಚಿ ಇರೋಕೆ ಸಾಧ್ಯಾನೇ ಇಲ್ಲ."

"ಹಂಗಾದ್ರೆ ಯಾಕಮ್ಮ ಸುಮ್ಮನಿದ್ದೆ? ಮನ್ಯಾಗೆ ಒಂದು ಮಾತು ಅಂದಿದ್ರೆ ಆತಿತ್ತಲ್ಲ?"

"ನಾನು ಹೇಳಂಗಿಲ್ಲ ಸರ್. ನೀವು ಹೇಳಬಹುದು." ಮಾಸ್ಕಿನ ಮೇಲೆ ಅವಳ ಕಣ್ಣು ತುಂಬಿತ್ತು. "ನಾಳೆ ಇದೇ ಟೈಮಿಗೆ ಬರ್ರಿ" ಎಂದು ಒಳಗೆ ಹೋದಳು.

ಐದನೇ ದಿನ ಆಸ್ಪತ್ರೆಯಿಂದ ಬಂದವನೇ ಖಾಜಾ ಹುಸೇನರಿಗೆ ಫೋನ್ ಮಾಡಿದೆ. "ನಾಳೆ ಒಂದು ಚೀಲ ತರ್ರಿ" ಎಂದಷ್ಟೇ ಹೇಳಿದೆ. ಫೋನಿನಲ್ಲೇ ಎಲ್ಲ ಹೇಳಿ ಮುಗಿಸಬಹುದಿತ್ತು. ಆದರೆ ಅವರ ಹೆಸರು ಕೆಡಿಸಿದ್ದು ನಡುರಸ್ತೆಯಲ್ಲಿ. ಅದನ್ನು ಮರಳಿಸುವುದು ಫೋನಿನಲ್ಲಿ ಎಂದರೆ ಯಾವ ನ್ಯಾಯ? ಸರ್ವಮಂಗಳಳಿಗೆ ಹೇಳಿದೆ. "ಒಗ್ಗರಣೆ ಗಿಗ್ಗರಣೆ ಹಾಕಬ್ಯಾಡ್ರಿ. ಇದ್ದದ್ದು ಇದ್ದಂಗೆ ಹೇಳ್ರಿ" ಎಂದಳು.

ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಟೆಂಪೊ ಬಂತು. ಖಾಜಾ ಹುಸೇನ್ ಇನ್ನೂ ಬಡಕಲಾಗಿದ್ದರು. ನನ್ನನ್ನು ನೋಡಿ ಅವರೂ ಹಾಗೇ ಅಂದುಕೊಂಡಿರಬೇಕು. ಚೀಲ ಇಳಿಸಿ, ಬಾಯಿ ಬಿಚ್ಚಿ, ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಈ ಸಲ ಕ್ಯಾನ್ ನೀರಿನಾಗೆ ಉಪ್ಪು ಕಲಸೀನಿ ಸಾವ್ಕಾರ್ರೆ. ಕಹಿ ಇರಾಕಿಲ್ಲ. ನೋಡ್ರಿ."

ಎದುರಿಗೆ ಮಾಲತೇಶ್ ಹಿಟ್ಟು ಕಲಸುವುದನ್ನು ನಿಲ್ಲಿಸಿದ. ಲೋಟಗಳು ಕೆಳಗಿಳಿದವು. ನಾನು ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೆ. ಹುಣ್ಣು ಬಹುತೇಕ ಮಾಯ್ದಿತ್ತು, ಸ್ವಲ್ಪ ಚುರುಗುಟ್ಟಿತು, ಅಷ್ಟೆ. ಈ ಸಲ ಕಣ್ಣು ಮುಚ್ಚಲಿಲ್ಲ.

"ನನಗೇನೂ ಗೊತ್ತಾಗ್ತಿಲ್ಲ" ಎಂದೆ. "ಮಾಲತೇಶ, ಎಲ್ಲಾರೂ ಕೇಳ್ರಿ. ನನ್ನದು ಹಲ್ಲಿನ ಕೆಲಸ ಅಲ್ಲ. ನನಗೆ ಕ್ಯಾನ್ಸರ್ ಐತೆ. ಕೀಮೋ ತಗೊಂಡು ಬಾಯೆಲ್ಲಾ ಹುಣ್ಣಾಗಿತ್ತು, ನಾಲಿಗೆ ಕೆಟ್ಟಿತ್ತು. ಬೆಲ್ಲಾನೂ ಕಹಿ ನನಗೆ. ಅವತ್ತು ಖಾಜಾಸಾಬ್ರ ಮಂಡಕ್ಕಿ ಕಹಿ ಇರ್ಲಿಲ್ಲ. ನನ್ನ ಬಾಯಿ ಕಹಿ ಇತ್ತು." ಇಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸೋಣ ಎಂದು ಆಸೆಯೂ ಆಯಿತು. ಬಾಗಿಲಲ್ಲಿ ಸರ್ವಮಂಗಳ ನಿಂತಿದ್ದಳು. "ಅದು ನನಗೆ ಅವತ್ತು ಸಂಜೆನೇ ಗೊತ್ತಾಗಿತ್ತು. ಹದಿನೈದು ದಿನ ಬಾಯಿ ಮುಚ್ಕೊಂಡು ಕುಂತಿದ್ದೆ. ತಪ್ಪಾತು."

ಖಾಜಾ ಹುಸೇನ್ ಟೆಂಪೊದ ಮೆಟ್ಟಿಲ ಮೇಲೆ ಕೂತರು. ಎರಡು ಕೈಯಿಂದ ಮುಖ ಒರೆಸಿಕೊಂಡರು.

"ಮರಳು ಬದಲಾಯಿಸ್ದೆ ಸಾವ್ಕಾರ್ರೆ" ಎಂದರು. "ತೊಟ್ಟಿ ಒಳಗೆ ಇಳಿದೆ. ಮೊಣಕಾಲು ಇನ್ನೂ ಹಿಡ್ಕೊಂಡೈತೆ."

"ಗೊತ್ತು" ಎಂದೆ.

ಅವರು ಮೊಣಕಾಲು ನೀವಿಕೊಂಡರು. ಎದ್ದು ಹೋಗುತ್ತಾರೆ ಎಂದುಕೊಂಡೆ, ಹೋದರೆ ಅದು ಅವರ ಹಕ್ಕು. ಅವರು ಕೇಳಿದ್ದು ಬೇರೆಯೇ. "ಹುಣ್ಣು ಭಾಳ ನೋವಿತ್ತಾ? ಊಟ ಹೋಗ್ತೈತಾ ಈಗ?"

"ಹೋಗ್ತೈತೆ. ಹುಣ್ಣು ವಾಸಿ ಮಾಡಿದೋಳು ನಿಮ್ಮ ಮಗಳು."

"ನಮ್ಮ ಬುಷ್ರಾನಾ?" ಅವರ ಬಾಯಿ ತೆರೆದೇ ಉಳಿಯಿತು. "ಮನ್ಯಾಗೆ ಒಂದು ಮಾತೂ ಆಡ್ಲಿಲ್ಲ ಆಕಿ. ನಾನು ತೊಟ್ಟಿ ತಿಕ್ಕುವಾಗ ಪಕ್ಕದಾಗೇ ನಿಂತು ನೀರು ಹಾಕ್ತಿದ್ಲು." ಅವರ ಮುಖದಲ್ಲಿ ಸಿಟ್ಟು ಬರುತ್ತದೆಂದು ನೋಡಿದೆ. ಬಂದದ್ದು ಹೆಮ್ಮೆ. ಆ ಹೆಮ್ಮೆಯಲ್ಲೇ ಎದ್ದು ನಿಂತರು. "ನೀವು ಬಾಯಿ ಬಿಟ್ಟು ಹೇಳಿದ್ರಿ. ಇವತ್ತು ನಾನೂ ಒಂದು ಹೇಳಿಬಿಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

"ಹೇಳ್ರಿ."

"ಉಪ್ಪು ಜಾಸ್ತಿ ಅಂತ ನೀವು ವಾಪಸ್ ಕಳಿಸ್ತಿದ್ರಲ್ಲ, ಆ ಚೀಲ. ಮರುದಿನ ನಾನು ತರ್ತಿದ್ದದ್ದು ಅದೇ ಚೀಲ."

ನನಗೆ ಅರ್ಥವಾಗಲಿಲ್ಲ. "ಅದೇ ಅಂದ್ರೆ?"

"ಅದೇ ಸಾವ್ಕಾರ್ರೆ. ಬಾಯಿ ಕಟ್ಟಿದ ದಾರಾನೂ ಅದೇ. ಇಪ್ಪತ್ತೆರಡು ವರ್ಷ. ಈಗ ಸರಿ ಆತು ನೋಡ್ರಿ ಅಂತ ನೀವು ಅಂತಿದ್ರಿ. ಹೌದ್ರಿ ಅಂತ ನಾನು ಅಂತಿದ್ದೆ." ಅವರು ತಲೆ ತಗ್ಗಿಸಿದರು. "ಕಹಿ ಅಂದದ್ದು ಅವತ್ತೇ ಮೊದಲು. ಅದಕ್ಕೇ ಹೆದರಿಬಿಟ್ಟೆ. ಇದೊಂದಾದ್ರೂ ನಿಜ ಇರಬೇಕು ಅಂತ."

ಮೊದಲು ನಕ್ಕವನು ಮಾಲತೇಶ್. ಆಮೇಲೆ ಚಹಾದವರು. ಆಮೇಲೆ ಎಲ್ಲರಿಗಿಂತ ಜೋರಾಗಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಸರ್ವಮಂಗಳ. ಅವಳು ಹಾಗೆ ನಕ್ಕದ್ದು ಗಡ್ಡೆ ಸಿಕ್ಕ ಮೇಲೆ ಅದೇ ಮೊದಲು. ಅದಕ್ಕಾಗಿ ಇನ್ನೊಂದು ನಾಲಿಗೆ ಇದ್ದಿದ್ದರೆ ಅದನ್ನೂ ಕೊಡುತ್ತಿದ್ದೆ. ಖಾಜಾ ಹುಸೇನರೂ ಕೊನೆಗೆ ತಡೆಯಲಾರದೆ ನಕ್ಕರು, ರೆಪ್ಪೆಯ ಬೂದಿ ಉದುರಿತು. ಮಾಲತೇಶ್ ಬಂದು ಒಂದು ಹಿಡಿ ತಿಂದು, "ಚಲೋ ಐತೆ, ಯಾವಾಗ್ಲೂ ಚಲೋನೇ ಇತ್ತು" ಎಂದು ಎರಡು ಚೀಲ ಹೇಳಿದ. ಯಾವಾಗಲೂ ಚೆನ್ನಾಗಿತ್ತು ಎಂದು ಅವನಿಗೆ ಗೊತ್ತಿದ್ದರೆ ಇಷ್ಟು ವರ್ಷ ನನ್ನ ಬಾಯಿ ಯಾಕೆ ನೋಡುತ್ತಿದ್ದ ಎಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಹರಿಹರದಲ್ಲಿ ಕ್ಯಾನ್ಸರ್ ಬಂದವನ ಅಂಗಡಿಗೆ ಯಾರೂ ಬರುವುದನ್ನು ಬಿಡಲಿಲ್ಲ. ಬದಲಿಗೆ ಆ ಚೀಲದ ಕಥೆ ಕೇಳುವುದಕ್ಕೇ ಬರುವವರು ಹೆಚ್ಚಾದರು. ಬೆಳಗಿನ ಪೂಜೆ ನಿಂತಿದೆ. ಟೆಂಪೊ ಬರುತ್ತದೆ, ಚೀಲ ಇಳಿಯುತ್ತದೆ. ದಾವಣಗೆರೆಯಲ್ಲಿ ಎರಡನೇ ಭಟ್ಟಿಯೂ ಮತ್ತೆ ಹೊತ್ತಿದೆ.

ಮೂರನೇ ಕೀಮೋ ಹನ್ನೊಂದು ದಿನ ತಡವಾಗಿ ಆಯಿತು, ಡೋಸ್ ಇಳಿಸದೆ ಕೊಟ್ಟರು. ಈ ಸಲ ಹುಣ್ಣು ಬರುವ ತನಕ ಕಾಯುವುದು ಬೇಡ, ಮೊದಲೇ ಬೆಳಕು ಬಿಡೋಣ ಎಂದು ಡಾಕ್ಟರಮ್ಮ ಅದೇ ದಿನ ಲೇಸರ್ ಕೋಣೆಗೆ ಕಳಿಸಿದರು. ಬುಷ್ರಾ ಫಾರಂ ತೆಗೆದುಕೊಂಡಳು. ನೋವು ಎಷ್ಟು, ಏನು ನುಂಗಲು ಆಗುತ್ತದೆ, ಎಲ್ಲ ಕೇಳಿದಳು. ಮನೆಯಲ್ಲಿ ಅಪ್ಪ ಎಲ್ಲ ಹೇಳಿದ್ದಾರೆಂದು ಅವಳ ಕಣ್ಣು ನೋಡಿದರೇ ತಿಳಿಯುತ್ತಿತ್ತು. ಆದರೂ ಮಾಸ್ಕ್ ಸರಿ ಮಾಡಿಕೊಂಡು ಗಂಭೀರವಾಗಿ ಕೇಳಿದಳು.

"ರುಚಿ ಗೊತ್ತಾಗುತ್ತಾ ಸರ್?"

"ಇಲ್ಲ ತಾಯಿ."

"ಯಾವಾಗಿಂದ?"

"ಇಪ್ಪತ್ತೆರಡು ವರ್ಷದಿಂದ. ಬರ್ಕೊ."

ಅವಳು ಬರೆದುಕೊಂಡಳೋ ಇಲ್ಲವೋ ಗೊತ್ತಿಲ್ಲ. ಮಾಸ್ಕ್ ಒಳಗೆ ನಗುತ್ತಿದ್ದಳು, ಕೈ ಮಾತ್ರ ಅಲುಗಲಿಲ್ಲ. ನನಗೆ ಕಪ್ಪು ಕನ್ನಡಕ ಹಾಕಿ, "ಬಾಯಿ ತೆಗೀರಿ" ಎಂದಳು. ತೆಗೆದೆ. ತುಟಿಯ ಒಳಗೆ ಬೆಳಕು ಇಟ್ಟು ಒಂದು, ಎರಡು ಎಂದು ಎಣಿಸತೊಡಗಿದಳು.